ಎಣ್ಣೆಯ ಕೊಂಡಿ ಗಟ್ಟಿಯಿರಲಿ

ಹಳೆಯ ಆಟೊಮ್ಯಾಟಿಕ್ ಕಾರಿಗೆ ಬಾಳಿಕೆ ಬರುವ ಟಾರ್ಕ್ ಕನ್ವರ್ಟರ್ ಆರಿಸುವುದು ಹೇಗೆ? ಹೊಲದ ಜೆಸಿಬಿಯಿಂದ ಹಿಡಿದು ವಸ್ತುಸಂಗ್ರಹಾಲಯದ ಕಾರಿನವರೆಗೆ ಕೆಲಸ ಮಾಡುವ ಒಂದು ಯಂತ್ರಭಾಗದ ಕಥೆ

ರೋಣದ ಎರೆಹೊಲದಲ್ಲಿ ಕೃಷಿಹೊಂಡ ತೋಡುವ ಜೆಸಿಬಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಮುಂದಿನ ಅಗಲವಾದ ಬಕೆಟ್ಟು ಮಣ್ಣಿನ ರಾಶಿಯೊಳಗೆ ಹೊಕ್ಕು ಸಿಕ್ಕಿಕೊಳ್ಳುತ್ತದೆ. ಗಾಲಿಗಳು ನಿಂತಲ್ಲೇ ನಿಲ್ಲುತ್ತವೆ. ಎಂಜಿನ್ ಮಾತ್ರ ಗುಡುಗುತ್ತಲೇ ಇರುತ್ತದೆ, ಬಂದ್ ಬೀಳುವುದಿಲ್ಲ. ಚಾಲಕ ಇನ್ನಷ್ಟು ಆಕ್ಸಿಲರೇಟರ್ ತುಳಿದರೆ ಯಂತ್ರ ಮೆಲ್ಲಗೆ, ಆದರೆ ಭಾರೀ ಬಲದಿಂದ, ಮುಂದಕ್ಕೆ ಸರಿಯುತ್ತದೆ. ಅದೇ ಹೊಲದಲ್ಲಿ ಮಾಮೂಲಿ ಟ್ರ್ಯಾಕ್ಟರ್ ಹೀಗೆ ಸಿಕ್ಕಿಕೊಂಡರೆ ಏನಾಗುತ್ತದೆ? ಚಾಲಕ ತಕ್ಷಣ ಕ್ಲಚ್ ತುಳಿಯದಿದ್ದರೆ ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಸರಳ. ಟ್ರ್ಯಾಕ್ಟರಿನಲ್ಲಿ ಎಂಜಿನ್ನಿಗೂ ಗಿಯರುಪೆಟ್ಟಿಗೆಗೂ ನಡುವೆ ಇರುವುದು ಒಂದನ್ನೊಂದು ಕಚ್ಚಿ ಹಿಡಿಯುವ ಕ್ಲಚ್ ತಟ್ಟೆ. ಜೆಸಿಬಿಯಲ್ಲಿ ಆ ಜಾಗದಲ್ಲಿ ಇರುವುದು ಎಣ್ಣೆ ತುಂಬಿದ ಒಂದು ಮುಚ್ಚಿದ ಉಕ್ಕಿನ ಗುಂಡು. ಅದರ ಹೆಸರು ಟಾರ್ಕ್ ಕನ್ವರ್ಟರ್, ಅಂದರೆ ತಿರುಗುಬಲ ಪರಿವರ್ತಕ. ಎಂಜಿನ್ನಿನ ಬಲ ಗಾಲಿಗೆ ಹೋಗುವುದು ಈ ಎಣ್ಣೆಯ ಮೂಲಕ.

ಕ್ಲಚ್ ಪೆಡಲ್ ಇಲ್ಲದ ಹಳೆಯ ವಿದೇಶಿ ಕಾರುಗಳ ಒಡಲಿನಲ್ಲಿ ಇರುವುದೂ ಇದೇ. ಷೆವರ್ಲೆ ಇಂಪಾಲಾ, ಬ್ಯೂಕ್, ಮರ್ಸಿಡಿಸ್ ಮುಂತಾದ ಕಾರುಗಳು ಒಂದು ಕಾಲಕ್ಕೆ ನಮ್ಮ ದೇಶದ ಶ್ರೀಮಂತರ ಅಂಗಳದಲ್ಲಿದ್ದವು. ಇಂದು ಹಳೆಯ ಕಾರುಗಳನ್ನು ಕಣ್ತುಂಬ ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಇಲ್ಲವೇ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕೆ ಹೋಗಬೇಕು. ಇವಲ್ಲದೆ ಅಜ್ಜನ ಕಾಲದ ಕಾರನ್ನು ಶೆಡ್ಡಿನಲ್ಲಿ ತಾಡಪತ್ರಿ ಹೊದಿಸಿ ಕಾಪಾಡಿಕೊಂಡು ಬಂದ ಮನೆತನಗಳೂ ಉಂಟು. ಇಂಥ ಕಾರು ಮತ್ತೆ ಓಡಬೇಕೆಂದು ಮನಸ್ಸು ಮಾಡಿದವರು ಎಂಜಿನ್ ಕೆಲಸ ಮಾಡಿಸುತ್ತಾರೆ, ಬಣ್ಣ ಹೊಡೆಸುತ್ತಾರೆ, ಸೀಟಿಗೆ ಹೊಸ ಬಟ್ಟೆ ಹಾಕಿಸುತ್ತಾರೆ. ಕಣ್ಣಿಗೆ ಕಾಣದ ಟಾರ್ಕ್ ಕನ್ವರ್ಟರನ್ನು ಮಾತ್ರ ಕೊನೆಗೆ ಬಿಡುತ್ತಾರೆ, ಇಲ್ಲವೇ ಅಗ್ಗದ್ದನ್ನು ಕೂರಿಸುತ್ತಾರೆ. ಅದು ಕೆಟ್ಟರೆ ತಾನೊಂದೇ ಕೆಡುವುದಿಲ್ಲ. ಅದರೊಳಗೆ ಸವೆದ ಲೋಹದ ಪುಡಿ ಎಣ್ಣೆಯ ಜೊತೆ ಇಡೀ ಗಿಯರುಪೆಟ್ಟಿಗೆಗೆ ಹರಡಿ, ಲಕ್ಷಗಟ್ಟಲೆ ರೂಪಾಯಿಯ ಕೆಲಸವನ್ನು ಮಣ್ಣುಪಾಲು ಮಾಡುತ್ತದೆ.

ಎರಡು ಫ್ಯಾನು, ನಡುವೆ ಎಣ್ಣೆ

ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಆ ಭಾಗದ ಮಕ್ಕಳೆಲ್ಲ ನೋಡಿದ್ದಾರೆ. ಬೀಸುವ ಗಾಳಿ ರೆಕ್ಕೆಗಳನ್ನು ತಳ್ಳುತ್ತದೆ, ರೆಕ್ಕೆ ತಿರುಗುತ್ತದೆ. ಈಗ ಮನೆಯಲ್ಲಿ ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ವಿದ್ಯುತ್ ಕೊಡಿ. ಅದರ ಗಾಳಿಗೆ ಎದುರಿನ ಫ್ಯಾನೂ ಮೆಲ್ಲಗೆ ತಿರುಗತೊಡಗುತ್ತದೆ. ಎರಡರ ನಡುವೆ ಯಾವ ಪಟ್ಟಿಯೂ ಇಲ್ಲ, ಸರಪಳಿಯೂ ಇಲ್ಲ. ಗಾಳಿಯ ಬದಲು ದಟ್ಟವಾದ ಎಣ್ಣೆ ಹಾಕಿ, ಎರಡನ್ನೂ ಒಂದೇ ಉಕ್ಕಿನ ಕವಚದೊಳಗೆ ಒತ್ತೊತ್ತಾಗಿ ಇಟ್ಟರೆ ಅದು ‘ದ್ರವ ಕೊಂಡಿ’ಯಾಗುತ್ತದೆ. ಎಂಜಿನ್ ತಿರುಗಿಸುವ ರೆಕ್ಕೆಚಕ್ರಕ್ಕೆ ಇಂಪೆಲ್ಲರ್ ಅಥವಾ ಪಂಪು ಎಂದೂ, ಗಿಯರುಪೆಟ್ಟಿಗೆಗೆ ಬಲ ಕೊಡುವ ಎದುರಿನ ಚಕ್ರಕ್ಕೆ ಟರ್ಬೈನ್ ಎಂದೂ ಹೆಸರು.

ದ್ರವ ಕೊಂಡಿ ಬಲವನ್ನು ದಾಟಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಟರ್ಬೈನಿಗೆ ಬಡಿದು ಮರಳುವ ಎಣ್ಣೆ ಪಂಪಿನ ತಿರುಗುವಿಕೆಗೆ ಎದುರಾಗಿಯೇ ಬಂದು ಅದನ್ನು ತಡೆಯುತ್ತದೆ. ಇಲ್ಲಿ ಮೂರನೆಯ ಚಕ್ರವೊಂದನ್ನು ಸೇರಿಸಿದಾಗ ಅದು ಟಾರ್ಕ್ ಕನ್ವರ್ಟರ್ ಆಗುತ್ತದೆ. ನಡುವಿನ ಈ ಚಿಕ್ಕ ಚಕ್ರದ ಹೆಸರು ಸ್ಟೇಟರ್. ಮಲಪ್ರಭೆಯ ಕಾಲುವೆಯಲ್ಲಿ ಹರಿಯುವ ನೀರಿಗೆ ಅಡ್ಡ ಹಲಗೆಯಿಟ್ಟು ನರಗುಂದದ ರೈತರು ಅದನ್ನು ಬೇಕಾದ ಕಡೆ ತಿರುಗಿಸುವ ಹಾಗೆ, ಸ್ಟೇಟರಿನ ಬಾಗಿದ ರೆಕ್ಕೆಗಳು ಮರಳಿ ಬರುವ ಎಣ್ಣೆಯ ದಿಕ್ಕನ್ನು ಬದಲಿಸಿ ಪಂಪಿಗೆ ನೆರವಾಗುವಂತೆ ಕಳಿಸುತ್ತವೆ. ಕಾರು ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಗುಬಲ ಸುಮಾರು ಎರಡರಿಂದ ಎರಡೂವರೆ ಪಟ್ಟು ಹೆಚ್ಚುವುದು ಇದರಿಂದಲೇ.

ಇದು ಪುಕ್ಕಟೆ ಸಿಕ್ಕ ಶಕ್ತಿಯಲ್ಲ. ಹಾರೆಯಿಂದ ಬಂಡೆ ಎಬ್ಬಿಸುವಾಗ ಕೈ ಒಂದು ಮಾರು ಇಳಿದರೆ ಬಂಡೆ ಒಂದು ಗೇಣು ಏಳುತ್ತದಲ್ಲವೇ? ಇಲ್ಲಿಯೂ ವೇಗ ಕಳೆದುಕೊಂಡು ಬಲ ಪಡೆಯುತ್ತೇವೆ. ಟರ್ಬೈನಿನ ವೇಗ ಪಂಪಿನ ವೇಗದ ಸಮೀಪಕ್ಕೆ ಬಂದಾಗ ಸ್ಟೇಟರಿನ ಕೆಲಸ ಮುಗಿಯಿತು. ಆಗ ಅದು ಅಡ್ಡ ನಿಲ್ಲದೆ ತಾನೂ ಎಣ್ಣೆಯ ಜೊತೆ ತಿರುಗಬೇಕು. ಇದಕ್ಕಾಗಿ ಅದನ್ನು ಒಂದೇ ದಿಕ್ಕಿಗೆ ತಿರುಗುವ ಕ್ಲಚ್ಚಿನ ಮೇಲೆ ಕೂರಿಸಿರುತ್ತಾರೆ. ಸೈಕಲ್ಲಿನ ಹಿಂಗಾಲಿಯ ಫ್ರೀವೀಲ್ ನೆನಪಿಸಿಕೊಂಡರೆ ಇದು ತಿಳಿಯುತ್ತದೆ.

ಹಡಗಿನಿಂದ ಕಾರಿಗೆ

ಈ ಉಪಾಯ ಹೊಳೆದದ್ದು ಕಾರು ಮಾಡುವವರಿಗಲ್ಲ. ಜರ್ಮನಿಯ ಹರ್ಮನ್ ಫಾಟಿಂಗರ್ ಎಂಬ ಎಂಜಿನಿಯರ್ ಹಡಗುಕಟ್ಟೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ವೇಗವಾಗಿ ತಿರುಗುವ ಉಗಿ ಟರ್ಬೈನನ್ನು ನಿಧಾನವಾಗಿ ತಿರುಗಬೇಕಾದ ಹಡಗಿನ ಪ್ರೊಪೆಲ್ಲರಿಗೆ ಜೋಡಿಸುವ ದಾರಿ ಹುಡುಕುತ್ತ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕಾರುಗಳಿಗೆ ಇದು ದೊಡ್ಡ ಪ್ರಮಾಣದಲ್ಲಿ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಬ್ಯೂಕ್ ಕಾರಿನ ‘ಡೈನಾಫ್ಲೋ’ 1948ರಲ್ಲಿ, ಷೆವರ್ಲೆಯ ‘ಪವರ್‌ಗ್ಲೈಡ್’ 1950ರಲ್ಲಿ ಬಂದವು.

ಭಾರತೀಯರೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ರೈಲ್ವೆ ಎಂಜಿನಿಯರ್ ಮನಮೋಹನ ಸೂರಿ ಅವರು ಡೀಸೆಲ್ ರೈಲು ಎಂಜಿನ್ನಿಗಾಗಿ ಎಣ್ಣೆಯ ಕನ್ವರ್ಟರನ್ನು ಯಾಂತ್ರಿಕ ಕೊಂಡಿಯ ಜೊತೆ ಸೇರಿಸಿದ ವ್ಯವಸ್ಥೆಯೊಂದನ್ನು ರೂಪಿಸಿದರು. ಅದು ‘ಸೂರಿ ಟ್ರಾನ್ಸ್‌ಮಿಷನ್’ ಎಂದೇ ಹೆಸರಾಯಿತು. 1962ರಲ್ಲಿ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಬಂತು. ಮುಂದೆ ದುರ್ಗಾಪುರದ ಕೇಂದ್ರೀಯ ಯಂತ್ರಶಾಸ್ತ್ರ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದಾಗ ನಮ್ಮದೇ ವಿನ್ಯಾಸದ ಸ್ವರಾಜ್ ಟ್ರ್ಯಾಕ್ಟರಿಗೆ ಬುನಾದಿ ಹಾಕಿದವರೂ ಅವರೇ. ನಮ್ಮ ರಾಜ್ಯದಲ್ಲಿ 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಸಂಸ್ಥೆಯ ಬುಲ್‌ಡೋಜರುಗಳಲ್ಲಿ, ಬೆಂಗಳೂರಿನ ಬಿಎಂಟಿಸಿ 2006ರ ಸುಮಾರಿಗೆ ಓಡಿಸತೊಡಗಿದ ವೋಲ್ವೊ ಬಸ್ಸುಗಳಲ್ಲಿ ಕೆಲಸ ಮಾಡುವುದೂ ಈ ತತ್ತ್ವವೇ.

ಮೊದಲು ಕಾರನ್ನು ಗುರುತಿಸಿ

ಕನ್ವರ್ಟರ್ ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ: ಈ ಕಾರಿನಲ್ಲಿ ಟಾರ್ಕ್ ಕನ್ವರ್ಟರ್ ಇದೆಯೇ? ಆಟೊಮ್ಯಾಟಿಕ್ ಎಂದ ಮಾತ್ರಕ್ಕೆ ಇದ್ದೇ ಇರುತ್ತದೆ ಎನ್ನುವ ಹಾಗಿಲ್ಲ. 1955ರಲ್ಲಿ ಬಂದ ರೋಲ್ಸ್-ರಾಯ್ಸ್ ಸಿಲ್ವರ್ ಕ್ಲೌಡ್ ಕಾರಿನಲ್ಲಿದ್ದುದು ಜನರಲ್ ಮೋಟಾರ್ಸ್‌ನ ‘ಹೈಡ್ರಾಮ್ಯಾಟಿಕ್’ ಗಿಯರುಪೆಟ್ಟಿಗೆ. ಅದರಲ್ಲಿ ಸ್ಟೇಟರ್ ಇಲ್ಲದ ಸಾದಾ ದ್ರವ ಕೊಂಡಿ ಮಾತ್ರ ಇತ್ತು. 1960ರ ದಶಕದ ಮರ್ಸಿಡಿಸ್ ಆಟೊಮ್ಯಾಟಿಕ್ ಕಾರುಗಳಲ್ಲೂ ದ್ರವ ಕೊಂಡಿಯೇ. ಅವುಗಳಿಗೆ ಕನ್ವರ್ಟರ್ ಹಾಕಲು ಹೊರಡುವುದೆಂದರೆ ಗಿಯರುಪೆಟ್ಟಿಗೆಯ ಇಡೀ ಲೆಕ್ಕಾಚಾರವನ್ನೇ ಕೆಡಿಸಿದಂತೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮುಂತಾದ ನಮ್ಮ ರಸ್ತೆಯ ಹಳೆಯ ಗೆಳೆಯರಿಗೆ ಈ ಚಿಂತೆಯೇ ಇಲ್ಲ. ಅವು ಕ್ಲಚ್ ತುಳಿದು ಗಿಯರ್ ಬದಲಿಸುವ ಕಾರುಗಳು. ದೇಶದಲ್ಲೇ ತಯಾರಾದ ಸಣ್ಣ ಕಾರುಗಳ ಪೈಕಿ 1990ರ ದಶಕದ ಉತ್ತರಾರ್ಧದಲ್ಲಿ ಬಂದ ಮಾರುತಿ ಝೆನ್‌ನ ಆಟೊಮ್ಯಾಟಿಕ್ ಮಾದರಿಯಲ್ಲಿ ಮೂರು ಗಿಯರುಗಳ ಜೊತೆ ನಿಜವಾದ ಟಾರ್ಕ್ ಕನ್ವರ್ಟರ್ ಇತ್ತು. 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ಬಂದ ಎಎಂಟಿ ಬೇರೆಯೇ ಬಗೆಯದು. ಅದರಲ್ಲಿ ಮಾಮೂಲಿ ಕ್ಲಚ್ ಹಾಗೂ ಗಿಯರುಗಳೇ ಇದ್ದು, ಅವನ್ನು ತುಳಿಯುವ, ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಎರಡೂ ಆಟೊಮ್ಯಾಟಿಕ್ ಎಂದು ಒಂದೇ ಗಂಟು ಹಾಕುವುದು ಸರಿಯಲ್ಲ.

ಕಾರಿನ ಹೆಸರಿಗಿಂತ ಮುಖ್ಯವಾದದ್ದು ಗಿಯರುಪೆಟ್ಟಿಗೆಯ ಮೇಲೆ ಕೆತ್ತಿರುವ ಸಂಖ್ಯೆ. ಒಂದೇ ಮಾದರಿಯ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕನ್ವರ್ಟರುಗಳನ್ನು ಹಾಕಿದ ಉದಾಹರಣೆಗಳು ಬೇಕಾದಷ್ಟಿವೆ. ಹೊರಗಿನ ಅಳತೆ ಒಂದೇ ಇದ್ದರೂ ಒಳಗಿನ ಹಲ್ಲುಗಳ ಎಣಿಕೆ ಬೇರೆ ಇರಬಹುದು. ಸಂಖ್ಯೆಯನ್ನು ಬರೆದುಕೊಂಡು, ಕಾರಿನ ಸೇವಾ ಕೈಪಿಡಿಯ ಜೊತೆ ತಾಳೆ ನೋಡಿದ ಮೇಲೆಯೇ ಅಂಗಡಿಯ ಮಾತು.

ಎತ್ತು ಏರಿಗೆ, ಕೋಣ ನೀರಿಗೆ

ಎರಡನೆಯದು ‘ಸ್ಟಾಲ್ ವೇಗ’. ಕಾರನ್ನು ಬ್ರೇಕಿನಲ್ಲಿ ಬಿಗಿಯಾಗಿ ನಿಲ್ಲಿಸಿ, ಗಿಯರ್ ಹಾಕಿ, ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ಏರಿ ನಿಲ್ಲುತ್ತದೆಯೋ ಅದೇ ಸ್ಟಾಲ್ ವೇಗ. ಮಣ್ಣಿನ ರಾಶಿಯಲ್ಲಿ ಸಿಕ್ಕಿಬಿದ್ದ ಜೆಸಿಬಿಯ ಸ್ಥಿತಿಯೇ ಇದು. ಮಾಮೂಲಿ ರಸ್ತೆ ಕಾರುಗಳಲ್ಲಿ ಇದು ಸಾಧಾರಣವಾಗಿ 1500ರಿಂದ 2000 ಸುತ್ತುಗಳ ಆಸುಪಾಸು ಇರುತ್ತದೆ.

ಮಾರಾಟಗಾರರು ‘ಇದು ಇಷ್ಟು ಸುತ್ತಿನ ಕನ್ವರ್ಟರ್’ ಎಂದು ಹೇಳುವುದುಂಟು. ಎಂಜಿನ್ ಯಾವುದೆಂದು ಹೇಳದೆ ಈ ಸಂಖ್ಯೆಗೆ ಅರ್ಥವಿಲ್ಲ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಣಿತ ಮಾಡಬಹುದು. ಒಂದೇ ಕನ್ವರ್ಟರಿನ ಸ್ಟಾಲ್ ವೇಗ ಎಂಜಿನ್ನಿನ ತಿರುಗುಬಲದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 200 ನ್ಯೂಟನ್-ಮೀಟರ್ ಬಲದ ಎಂಜಿನ್ನಿನ ಹಿಂದೆ 1800 ಸುತ್ತಿಗೆ ನಿಲ್ಲುವ ಕನ್ವರ್ಟರನ್ನು 288 ನ್ಯೂಟನ್-ಮೀಟರ್ ಎಂಜಿನ್ನಿಗೆ ಜೋಡಿಸಿ. ಬಲ 1.44 ಪಟ್ಟು ಹೆಚ್ಚಿತು. ಅದರ ವರ್ಗಮೂಲ 1.2. ಆದ್ದರಿಂದ ಸ್ಟಾಲ್ ವೇಗ 1800ರ 1.2 ಪಟ್ಟು, ಅಂದರೆ 2160 ಸುತ್ತಾಯಿತು. ಕನ್ವರ್ಟರ್ ಬದಲಾಗಲಿಲ್ಲ, ಸಂಖ್ಯೆ ಬದಲಾಯಿತು.

ವ್ಯಾಸದ ಲೆಕ್ಕ ಇದಕ್ಕಿಂತ ಬೆರಗಿನದು. ಒಂದೇ ವಿನ್ಯಾಸದ ಕನ್ವರ್ಟರ್ ಹೀರಬಲ್ಲ ತಿರುಗುಬಲ ಅದರ ವ್ಯಾಸದ ಐದನೆಯ ಘಾತಕ್ಕೆ ತಕ್ಕಂತೆ ಇರುತ್ತದೆ. ವ್ಯಾಸವನ್ನು ಶೇಕಡಾ 10ರಷ್ಟು ಕಡಿಮೆ ಮಾಡಿದರೆ 0.9 ಅನ್ನು ಐದು ಸಲ ಗುಣಿಸಿ, 0.59 ಬರುತ್ತದೆ. ಅಂದರೆ ಹಿಡಿತ ಬಹುಪಾಲು ಆರಾಣೆಯಷ್ಟು ಹೋಯಿತು. ಅದೇ ಎಂಜಿನ್ನಿಗೆ ಸ್ಟಾಲ್ ವೇಗ ಸುಮಾರು ಶೇಕಡಾ 30ರಷ್ಟು ಏರಿತು. ‘ಸ್ವಲ್ಪ ಸಣ್ಣದು, ಪರವಾಗಿಲ್ಲ’ ಎಂಬ ಮಾತನ್ನು ಕನ್ವರ್ಟರಿನ ವಿಷಯದಲ್ಲಿ ಒಪ್ಪಬಾರದೇಕೆ ಎಂಬುದು ಇದರಿಂದ ಸ್ಪಷ್ಟ.

ಪಂದ್ಯದ ಕಾರಿನವರು ಬೇಕೆಂದೇ ಹೆಚ್ಚಿನ ಸ್ಟಾಲ್ ವೇಗ ಆರಿಸುತ್ತಾರೆ. ಎಂಜಿನ್ ಒಮ್ಮೆಗೇ ಮೇಲಿನ ಸುತ್ತಿಗೆ ಜಿಗಿದು ಕಾರು ಬಾಣದಂತೆ ಹೊರಡಲಿ ಎಂಬುದು ಅವರ ಲೆಕ್ಕ. ಹಳೆಯ ಭಾರದ ಕಾರಿಗೆ ಅದನ್ನು ಹಾಕಿದರೆ ‘ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು’ ಎಂಬ ಗಾದೆಯಂತಾಗುತ್ತದೆ. ಎಂಜಿನ್ ಕೂಗುತ್ತದೆ, ಕಾರು ಸರಿಯುವುದಿಲ್ಲ, ನಡುವಿನ ಎಣ್ಣೆ ಕುದಿಯುತ್ತದೆ. ಎಂಜಿನ್ನಿನ ಬಲ, ಕಾರಿನ ತೂಕ, ಹಿಂದಿನ ಡಿಫರೆನ್ಷಿಯಲ್‌ನ ಅನುಪಾತ, ಗಾಲಿಯ ಅಳತೆ ಈ ನಾಲ್ಕನ್ನೂ ಹೇಳಿದ ಮೇಲೆಯೇ ಕನ್ವರ್ಟರ್ ಗೊತ್ತುಮಾಡಬೇಕು. ಎಂಜಿನ್ನಿನಲ್ಲಿ ಏನೂ ಬದಲಾವಣೆ ಮಾಡಿರದಿದ್ದರೆ ಕಾರ್ಖಾನೆಯವರು ಕೊಟ್ಟ ಮೂಲ ಅಳತೆಯೇ ಎಲ್ಲಕ್ಕಿಂತ ಸುರಕ್ಷಿತ.

ಬಾಳಿಕೆ ಎಲ್ಲಿರುತ್ತದೆ?

ಹೊರಗಿನ ಬಣ್ಣ ನೋಡಿ ಕನ್ವರ್ಟರ್ ಕೊಳ್ಳುವುದು ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬುದಕ್ಕೆ ಆಹ್ವಾನ. ಬಾಳಿಕೆ ಇರುವುದು ಒಳಗಿನ ನಾಲ್ಕೈದು ಕಡೆ.

ಒಂದು, ರೆಕ್ಕೆಗಳ ಬೆಸುಗೆ. ಸಾಧಾರಣ ಕನ್ವರ್ಟರುಗಳಲ್ಲಿ ತಗಡಿನ ರೆಕ್ಕೆಗಳ ಕಿವಿಗಳನ್ನು ಕವಚದ ಸೀಳುಗಳಲ್ಲಿ ತೂರಿಸಿ ಮಡಚಿರುತ್ತಾರೆ. ವರ್ಷಗಟ್ಟಲೆ ಎಣ್ಣೆಯ ಹೊಡೆತ ತಿಂದು ಅವು ಸಡಿಲಾಗಬಹುದು. ಕುಲುಮೆಯಲ್ಲಿಟ್ಟು ತಾಮ್ರದಂಥ ಲೋಹ ಕರಗಿಸಿ ರೆಕ್ಕೆಯ ಬುಡಕ್ಕೆ ಬೆಸೆದರೆ ರೆಕ್ಕೆಯೂ ಕವಚವೂ ಒಂದೇ ದೇಹವಾಗುತ್ತದೆ. ಭಾರದ ಕಾರಿಗೆ ಇದು ಖರ್ಚಿಗೆ ತಕ್ಕ ಲಾಭ.

ಎರಡು, ಬೇರಿಂಗ್. ಮೂರೂ ಚಕ್ರಗಳು ಒಂದನ್ನೊಂದು ಒತ್ತುವ ಜಾಗದಲ್ಲಿ ಹಳೆಯ ಕನ್ವರ್ಟರುಗಳಿಗೆ ಬರೀ ವಾಷರ್ ಹಾಕುತ್ತಿದ್ದರು. ಸೂಜಿಯಂಥ ರೋಲರುಗಳ ಬೇರಿಂಗ್ ಹಾಕಿದರೆ ಸವಕಳಿ, ಶಾಖ ಎರಡೂ ಕಡಿಮೆ.

ಮೂರು, ಸ್ಟೇಟರಿನ ಒಮ್ಮುಖ ಕ್ಲಚ್. ಕನ್ವರ್ಟರಿನ ಜೀವ ಇಲ್ಲಿದೆ. ಅದರ ರೋಲರುಗಳು, ಸ್ಪ್ರಿಂಗುಗಳು, ಅವು ಕೂರುವ ಉಂಗುರ ಹೊಸದೋ ಹಳೆಯದೋ ಎಂದು ಕೇಳಲೇಬೇಕು. ಇದು ಹಿಡಿತ ಬಿಟ್ಟರೆ ಬಲ ಹೆಚ್ಚುವ ಗುಣವೇ ಹೋಗುತ್ತದೆ. ಕಾರು ನಿಂತಲ್ಲಿಂದ ಹೊರಡಲು ಒದ್ದಾಡುತ್ತದೆ, ವೇಗ ಬಂದ ಮೇಲೆ ಸರಿಯಾಗಿಯೇ ಓಡುತ್ತದೆ. ಇದು ಬಿಗಿದು ಕಚ್ಚಿಕೊಂಡರೆ ಹೊರಡುವುದು ಚೆನ್ನಾಗಿರುತ್ತದೆ, ಹೆದ್ದಾರಿಯಲ್ಲಿ ವೇಗವೇ ಏರದೆ ಎಣ್ಣೆ ಕಾಯುತ್ತದೆ. ಈ ಎರಡು ಲಕ್ಷಣ ತಿಳಿದಿದ್ದರೆ ಎಂಜಿನ್ ಬಿಚ್ಚುವ ವ್ಯರ್ಥ ಖರ್ಚು ತಪ್ಪುತ್ತದೆ.

ನಾಲ್ಕು, ಹಿಂದಿನ ಕೊಳವೆ, ಅಂದರೆ ಹಬ್. ಗಿಯರುಪೆಟ್ಟಿಗೆಯ ಎಣ್ಣೆ ಪಂಪನ್ನು ತಿರುಗಿಸುವುದು ಇದೇ. ಇದರ ಮೇಲ್ಮೈ ಗಟ್ಟಿಗೊಳಿಸಿದ ಉಕ್ಕಿನದಾಗಿರಬೇಕು. ಆಯಿಲ್ ಸೀಲ್ ಕೂರುವಲ್ಲಿ ಬೆರಳುಗುರಿಗೆ ತಾಕುವ ಗೀರು ಇದ್ದರೆ ಸೋರಿಕೆ ಖಚಿತ.

ಐದು, ಸಮತೋಲನ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಹತ್ತು ಕಿಲೊಗೂ ಮೀರಿದ ಗುಂಡಿನಲ್ಲಿ ಒಂದು ಕಡೆ ತುಸು ತೂಕ ಹೆಚ್ಚಿದರೂ ನಡುಕ ಬರುತ್ತದೆ. ಬ್ಯಾಲೆನ್ಸ್ ಮಾಡಿದ ಗುರುತು ಇರಲಿ.

‘ಲಾಕ್-ಅಪ್’ ಎಂಬ ಇನ್ನೊಂದು ಮಾತು ಅಂಗಡಿಯಲ್ಲಿ ಕಿವಿಗೆ ಬೀಳುತ್ತದೆ. ವೇಗ ಬಂದ ಮೇಲೆ ಪಂಪು, ಟರ್ಬೈನು ಎರಡನ್ನೂ ಒಳಗಿನ ಕ್ಲಚ್ ಒಂದಾಗಿ ಬಿಗಿಯುವ ಏರ್ಪಾಡು ಇದು. ಜಾರುವಿಕೆ ತಪ್ಪಿ ಪೆಟ್ರೋಲ್ ಉಳಿಯುತ್ತದೆ. ಆದರೆ ಅದಕ್ಕೆ ಗಿಯರುಪೆಟ್ಟಿಗೆಯಲ್ಲೂ ಎಣ್ಣೆಯ ದಾರಿ ಇರಬೇಕು. ಆ ದಾರಿಯಿಲ್ಲದ ಹಳೆಯ ಪೆಟ್ಟಿಗೆಗೆ ಲಾಕ್-ಅಪ್ ಕನ್ವರ್ಟರ್ ತಂದರೆ ದುಡ್ಡು ದಂಡ.

ಶತ್ರು ಬೇರಾರೂ ಅಲ್ಲ, ಶಾಖ

ಕನ್ವರ್ಟರ್ ಜಾರಿದಷ್ಟೂ ಎಂಜಿನ್ನಿನ ಶಕ್ತಿ ಎಣ್ಣೆಯಲ್ಲಿ ಶಾಖವಾಗಿ ಉಳಿಯುತ್ತದೆ. ಎಷ್ಟು ಎಂದು ಲೆಕ್ಕ ಹಾಕೋಣ. ಬ್ರೇಕಿನಲ್ಲಿ ನಿಂತ ಕಾರಿನ ಎಂಜಿನ್ 40 ಕಿಲೋವಾಟ್ ಶಕ್ತಿ ಸುರಿಯುತ್ತಿದೆ ಎನ್ನಿ. ಗಾಲಿ ತಿರುಗದ್ದರಿಂದ ಎಲ್ಲವೂ ಶಾಖವೇ. ಕನ್ವರ್ಟರಿನಲ್ಲಿ 4 ಕಿಲೊ ಎಣ್ಣೆಯಿದೆ, ಒಂದು ಕಿಲೊ ಎಣ್ಣೆಯ ಬಿಸಿ ಒಂದು ಡಿಗ್ರಿ ಏರಲು ಸುಮಾರು 2 ಕಿಲೋಜೂಲ್ ಬೇಕು. ಅಂದಮೇಲೆ ಒಂದು ಡಿಗ್ರಿಗೆ 8 ಕಿಲೋಜೂಲ್ ಸಾಕು. ಲೋಹ ಹೀರುವ ಶಾಖವನ್ನು ಬದಿಗಿಟ್ಟರೆ ಎಣ್ಣೆ ಪ್ರತಿ ಸೆಕೆಂಡಿಗೆ 5 ಡಿಗ್ರಿ ಕಾಯುತ್ತದೆ. ಹತ್ತು ಸೆಕೆಂಡಿಗೆ 50 ಡಿಗ್ರಿ! ಸ್ಟಾಲ್ ಪರೀಕ್ಷೆಯನ್ನು ಐದು ಸೆಕೆಂಡಿಗಿಂತ ಹೆಚ್ಚು ಮಾಡಬಾರದು ಎನ್ನುವುದು ಇದಕ್ಕೇ. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಕಾರಿನ ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು ಅನುಭವಿ ಮೆಕ್ಯಾನಿಕ್ ಮಾಡಬೇಕಾದ ಪರೀಕ್ಷೆಯಿದು. ವಿದ್ಯಾರ್ಥಿಗಳು ತಾವೇ ಮಾಡಲು ಹೋಗಬಾರದು.

ಆಟೊಮ್ಯಾಟಿಕ್ ಗಿಯರೆಣ್ಣೆಗೆ 80ರಿಂದ 95 ಡಿಗ್ರಿ ಸೆಲ್ಸಿಯಸ್ ಹಿತವಾದ ಬಿಸಿ. 120 ದಾಟಿದರೆ ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆ ಬಂದು, ಕವಾಟಗಳ ಮೇಲೆ ಅಂಟಿನಂಥ ಪದರ ಕೂರುತ್ತದೆ. ರಬ್ಬರ್ ಸೀಲುಗಳು ಗಡುಸಾಗಿ ಒಡೆಯುತ್ತವೆ. ನಮ್ಮ ಭಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿಯ ಹತ್ತಿರ ಹೋಗುತ್ತದೆ. ತಂಪು ದೇಶಗಳ ಹವೆಗಾಗಿ ತಯಾರಾದ ಕಾರು ನರಗುಂದದ ಹೆದ್ದಾರಿಯ ಮಟಮಟ ಮಧ್ಯಾಹ್ನಕ್ಕೆ ಸಿದ್ಧವಾಗಿರುವುದಿಲ್ಲ. ರೇಡಿಯೇಟರಿನ ಮುಂದೆ ಒಂದು ಹೆಚ್ಚುವರಿ ಆಯಿಲ್ ಕೂಲರ್ ಕೂರಿಸುವುದು ದುಬಾರಿ ಕನ್ವರ್ಟರಿಗಿಂತ ದೊಡ್ಡ ವಿಮೆ. ಮೆರವಣಿಗೆಯಲ್ಲಿ ಆಮೆಯಂತೆ ಸಾಗುವಾಗ, ಜಾತ್ರೆಯ ದಟ್ಟಣೆಯಲ್ಲಿ ನಿಂತಾಗ, ಗಿಯರನ್ನು ನ್ಯೂಟ್ರಲ್‌ಗೆ ತರುವ ಅಭ್ಯಾಸವೂ ಶಾಖ ಕಡಿಮೆ ಮಾಡುತ್ತದೆ.

ಎಣ್ಣೆಯ ಜಾತಿಯೂ ಮುಖ್ಯ. ಹಳೆಯ ಫೋರ್ಡ್ ಪೆಟ್ಟಿಗೆಗಳಿಗೆ ಹೇಳಿದ ‘ಟೈಪ್ ಎಫ್’ ಎಣ್ಣೆಯೂ ಜನರಲ್ ಮೋಟಾರ್ಸ್‌ನ ‘ಡೆಕ್ಸ್‌ರಾನ್’ ಬಗೆಯ ಎಣ್ಣೆಯೂ ಒಂದೇ ಅಲ್ಲ. ಎರಡೂ ಕೆಂಪಗಿವೆ ಎಂದು ಒಂದರ ಬದಲು ಇನ್ನೊಂದು ಸುರಿಯಬಾರದು. ಅವುಗಳ ಜಾರುವ ಗುಣವೇ ಬೇರೆ.

ಹೊಸದೋ, ರಿಪೇರಿ ಮಾಡಿದ್ದೋ?

ಐವತ್ತು-ಅರವತ್ತು ವರ್ಷ ಹಳೆಯ ಕಾರಿಗೆ ಕಾರ್ಖಾನೆಯ ಹೊಸ ಕನ್ವರ್ಟರ್ ಸಿಗುವುದು ಅಪರೂಪ. ಸಿಗುವುದು ಹೆಚ್ಚಾಗಿ ರಿಪೇರಿ ಮಾಡಿ ಹೊಸದಾಗಿಸಿದ್ದು. ಅದರಲ್ಲಿ ತಪ್ಪೇನಿಲ್ಲ. ಆದರೆ ಕನ್ವರ್ಟರ್ ಸುತ್ತಲೂ ಬೆಸೆದು ಮುಚ್ಚಿದ ವಸ್ತು. ಅದನ್ನು ನಿಜವಾಗಿ ರಿಪೇರಿ ಮಾಡಬೇಕಾದರೆ ಲೇತ್ ಯಂತ್ರದಲ್ಲಿ ಬೆಸುಗೆ ಕತ್ತರಿಸಿ ಎರಡು ಹೋಳು ಮಾಡಬೇಕು. ತೊಳೆದು, ಬೇರಿಂಗ್, ಒಮ್ಮುಖ ಕ್ಲಚ್, ಸೀಲು ಬದಲಿಸಬೇಕು. ಒಳಗಿನ ಸಂದಿ ಅಳೆದು, ಮತ್ತೆ ನೇರವಾಗಿ ಬೆಸೆದು, ಗಾಳಿ ತುಂಬಿ ಸೋರಿಕೆ ನೋಡಿ, ಬ್ಯಾಲೆನ್ಸ್ ಮಾಡಬೇಕು. ಹೊರಗಿನಿಂದ ಪೆಟ್ರೋಲ್ ಹುಯ್ದು ಕುಲುಕಿ, ಬಣ್ಣ ಹೊಡೆದು ಕೊಟ್ಟದ್ದು ರಿಪೇರಿಯಲ್ಲ. ಅಗ್ಗವೆಂದು ಅದನ್ನು ತಂದರೆ ಮುಗ್ಗಲು ಜೋಳ ಕೊಂಡಂತೆ.

ಗಿಯರುಪೆಟ್ಟಿಗೆ ಒಮ್ಮೆ ಸುಟ್ಟಿದ್ದರೆ ಹಳೆಯ ಕನ್ವರ್ಟರನ್ನು ಹಾಗೆಯೇ ಮತ್ತೆ ಹಾಕುವುದು ದೊಡ್ಡ ಅಪಾಯ. ಕೆಳಗಿನ ತಟ್ಟೆ ಬಿಚ್ಚಿ ಎಣ್ಣೆ ಇಳಿಸಿದಾಗ ಬಹುಪಾಲು ಎಣ್ಣೆ ಕನ್ವರ್ಟರಿನಲ್ಲೇ ಉಳಿದಿರುತ್ತದೆ, ಅದರ ಜೊತೆ ಲೋಹದ ಪುಡಿಯೂ. ಕೂಲರಿನ ಕೊಳವೆಗಳಲ್ಲಿ ಕುಳಿತ ಪುಡಿಯನ್ನೂ ತೊಳೆಯಬೇಕು. ಇಲ್ಲದಿದ್ದರೆ ಹೊಸ ಪೆಟ್ಟಿಗೆಗೆ ಮೊದಲ ದಿನವೇ ಹಳೆಯ ರೋಗ ಅಂಟುತ್ತದೆ.

ಕೂರಿಸುವ ವಿಧಾನ ಕೆಟ್ಟರೆ ಎಂಥ ಒಳ್ಳೆಯ ಕನ್ವರ್ಟರೂ ಒಂದು ನಿಮಿಷ ಬಾಳುವುದಿಲ್ಲ. ಮೊದಲು ಅದರೊಳಗೆ ಒಂದು ಲೀಟರಿನಷ್ಟು ಹೊಸ ಎಣ್ಣೆ ಹುಯ್ಯಬೇಕು. ಬಳಿಕ ಗಿಯರುಪೆಟ್ಟಿಗೆಯ ಮೂತಿಗಿಟ್ಟು, ತಿರುಗಿಸುತ್ತ ಒಳಕ್ಕೆ ಒತ್ತಬೇಕು. ಅದು ಮೆಟ್ಟಿಲಿಳಿದಂತೆ ಒಂದೊಂದೇ ಹಂತವಾಗಿ ಒಳಗೆ ಕೂರುತ್ತದೆ. ಕೊನೆಯದಾಗಿ ಎಣ್ಣೆ ಪಂಪಿನ ಗಾಡಿಗೆ ಹಬ್ ಸೇರಬೇಕು. ಪೆಟ್ಟಿಗೆಯನ್ನು ಎಂಜಿನ್ನಿಗೆ ಬೋಲ್ಟ್ ಮಾಡಿದಾಗ ಕನ್ವರ್ಟರ್ ಸುಲಭವಾಗಿ ಕೈಯಲ್ಲಿ ತಿರುಗಬೇಕು. ಅದಕ್ಕೂ ಎಂಜಿನ್ನಿನ ಫ್ಲೆಕ್ಸ್‌ಪ್ಲೇಟಿಗೂ ನಡುವೆ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಸಂದಿ ಉಳಿಯಬೇಕು. ಸಂದಿ ಇಲ್ಲವೆಂದರೆ ಅದು ಪೂರ್ತಿ ಕೂತಿಲ್ಲ ಎಂದರ್ಥ. ಆಗ ಬೋಲ್ಟ್ ಬಿಗಿದು ಎಳೆದರೆ ಪಂಪಿನ ಗಿಯರ್ ಒಡೆಯುತ್ತದೆ. ಅಂತಿಮ ಅಳತೆ ಆಯಾ ಕಾರಿನ ಕೈಪಿಡಿ ಹೇಳಿದ್ದೇ.

ಕಾನೂನು ಏನು ಹೇಳುತ್ತದೆ?

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಳಿಕ ನವೀಕರಣಕ್ಕೆ 5,000 ರೂಪಾಯಿ ಶುಲ್ಕವನ್ನು ಆ ನಿಯಮ ಗೊತ್ತುಮಾಡಿತು. ಚಾಸಿ, ಕವಚ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಮಾಡಿದ ವಾಹನಕ್ಕೆ ಈ ಮಾನ್ಯತೆ ಸಿಗದು. ಹೀಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು, ಬಾಡಿಗೆಗೆ ಬಿಡುವಂತಿಲ್ಲ. ಮದುವೆ ಮೆರವಣಿಗೆಗೆ ಕೊಟ್ಟು ರಿಪೇರಿ ಖರ್ಚು ಹುಟ್ಟಿಸೋಣ ಎಂದು ಲೆಕ್ಕ ಹಾಕುವವರು ಇದನ್ನು ಮೊದಲೇ ತಿಳಿದಿರಬೇಕು.

ಓದುವ ಮಕ್ಕಳಿಗೆ, ಹೆತ್ತವರಿಗೆ

‘ಹಳೆಯ ಕಾರಿನ ವಿದ್ಯೆ ಕಲಿತು ಹೊಟ್ಟೆ ತುಂಬುತ್ತದೆಯೇ?’ ಎಂದು ತಂದೆತಾಯಿ ಕೇಳುವುದು ಸಹಜ. ಪ್ರಾಮಾಣಿಕ ಉತ್ತರವೆಂದರೆ, ಹಳೆಯ ಕಾರುಗಳನ್ನೇ ನಂಬಿ ಗಜೇಂದ್ರಗಡದಲ್ಲಿ ಅಂಗಡಿ ಹಾಕುವಷ್ಟು ಕೆಲಸವಿಲ್ಲ. ವಿದ್ಯುತ್ ಕಾರುಗಳಿಗೆ ಟಾರ್ಕ್ ಕನ್ವರ್ಟರೇ ಬೇಡ; ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ. ಆದರೆ ಹಳೆಯ ಕಾರಿನಲ್ಲಿ ಕಲಿತ ತತ್ತ್ವ ಹಳತಾಗುವುದಿಲ್ಲ. ಊರೂರಿಗೆ ಬಂದ ಜೆಸಿಬಿ, ಲೋಡರುಗಳನ್ನು ರೋಗ ಹಿಡಿದು ಸರಿಪಡಿಸಬಲ್ಲ ಹುಡುಗನಿಗೆ ಈಗಲೂ ಬೇಡಿಕೆಯಿದೆ. ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಸಾಗಿಸುವ ದೊಡ್ಡ ಕನ್ವೇಯರುಗಳನ್ನು ಮೆಲ್ಲಗೆ ಚಾಲೂ ಮಾಡಲು ಬಳಸುವುದು ಇದೇ ದ್ರವ ಕೊಂಡಿ. ಪಂಪು, ಟರ್ಬೈನು, ಗಾಳಿಯಂತ್ರ ಎಲ್ಲವೂ ಒಂದೇ ಕುಟುಂಬದವು.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐನಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯಿದೆ, ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಉಂಟು. ವಾಯವ್ಯ ಸಾರಿಗೆಯ ಡಿಪೊಗಳು ಮೂರೂ ಊರುಗಳಲ್ಲಿವೆ. ಅಲ್ಲಿನ ಬಸ್ಸುಗಳು ಹೆಚ್ಚಾಗಿ ಕ್ಲಚ್ಚಿನವೇ ಆದರೂ, ಸಾರಿಗೆ ಸಂಸ್ಥೆಯವರು ಶಿಶಿಕ್ಷುಗಳನ್ನು ಕರೆದಾಗ ಅರ್ಜಿ ಹಾಕಿದರೆ ಕೈಗೆ ಎಣ್ಣೆ ಹತ್ತಿಸಿಕೊಂಡು ಕಲಿಯುವ ದಾರಿ ಸಿಗುತ್ತದೆ.

ಕೊಳ್ಳುವ ಮುನ್ನ ಕೇಳಿ

• ಗಿಯರುಪೆಟ್ಟಿಗೆಯ ಸಂಖ್ಯೆ ಯಾವುದು? ಅದಕ್ಕೆ ಬೇಕಾದದ್ದು ಕನ್ವರ್ಟರೋ, ದ್ರವ ಕೊಂಡಿಯೋ?
• ಹೇಳಿದ ಸ್ಟಾಲ್ ವೇಗ ಯಾವ ಎಂಜಿನ್ನಿಗೆ, ಎಷ್ಟು ತಿರುಗುಬಲಕ್ಕೆ ಅಳೆದದ್ದು?
• ರಿಪೇರಿ ಮಾಡಿದ್ದಾದರೆ ಕತ್ತರಿಸಿ ತೆರೆದಿದ್ದಾರೆಯೇ? ಯಾವ ಯಾವ ಭಾಗ ಬದಲಿಸಿದ್ದಾರೆ?
• ರೆಕ್ಕೆಗಳನ್ನು ಕುಲುಮೆಯಲ್ಲಿ ಬೆಸೆದಿದೆಯೇ? ಬೇರಿಂಗ್ ಇದೆಯೇ, ಬರೀ ವಾಷರೇ?
• ಸೋರಿಕೆ ಪರೀಕ್ಷೆ, ಬ್ಯಾಲೆನ್ಸ್ ಎರಡೂ ಆಗಿವೆಯೇ? ಬರಹದಲ್ಲಿ ಗ್ಯಾರಂಟಿ ಇದೆಯೇ?
• ಹೊರದೇಶದಿಂದ ತರಿಸುವುದಾದರೆ ಸಾಗಣೆ, ಸುಂಕ ಸೇರಿ ಒಟ್ಟು ಬೆಲೆ ಎಷ್ಟು? ಹೊಂದದಿದ್ದರೆ ವಾಪಸು ಕಳಿಸುವ ಖರ್ಚು ಯಾರದು?
• ಕೂಲರ್ ಮತ್ತು ಸರಿಯಾದ ಎಣ್ಣೆಗೆ ಹಣ ತೆಗೆದಿಟ್ಟಿದ್ದೀರಾ?

ಈ ಏಳು ಪ್ರಶ್ನೆಗಳಿಗೆ ಅಂಗಡಿಯವರು ಬೇಸರಪಡದೆ ಉತ್ತರಿಸಿದರೆ ಮುಂದುವರಿಯಿರಿ. ‘ಅದೆಲ್ಲ ನಿಮಗೇಕೆ?’ ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಐವತ್ತು ವರ್ಷ ಶೆಡ್ಡಿನಲ್ಲಿ ಕಾದ ಕಾರು ಇನ್ನೊಂದು ತಿಂಗಳು ಕಾಯಲಾರದೇ?